ಕೂಡಿಬಂತು ಡಾಟ್ ಇನ್

ಎಡಗಿವಿಯ ಮಡಿಕೆಯಲ್ಲಿ ಅತ್ತರಿನಲ್ಲಿ ಅದ್ದಿದ ಹತ್ತಿ, ಬಲಗಿವಿಯ ಮೇಲೆ ನೀಲಿ ಪೆನ್ನು, ನಡುವೆ ಎಲೆಯಡಿಕೆಯಿಂದ ಕೆಂಪಾದ ಬಾಯಿ. ಬಿಳಿ ಅಂಗಿಯ ಎದೆಯ ಜೇಬು ಮಾತ್ರ ತುಂಬಿದ ಬಸುರಿಯ ಹೊಟ್ಟೆಯ ಹಾಗೆ ಮುಂದೆ ಬಂದಿರುತ್ತಿತ್ತು. ಅದರಲ್ಲಿ ಮೂರು ತಾಲೂಕಿನ ಮದುವೆಯಾಗದವರೆಲ್ಲ ಸಣ್ಣ ಫೋಟೋಗಳಾಗಿ, ಹಬ್ಬದ ಬಸ್ಸಿನಲ್ಲಿ ನಿಂತವರಂತೆ ಒಬ್ಬರ ಮೇಲೊಬ್ಬರು ಒತ್ತಿಕೊಂಡಿರುತ್ತಿದ್ದರು. ನನ್ನ ಅಂಗಡಿಗೆ ಮೊದಲು ಅತ್ತರು ಬರುತ್ತಿತ್ತು, ಅದರ ಹಿಂದೆ ಕಾಕಾ ಬರುತ್ತಿದ್ದರು.

ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ನಡುವೆ ಬಸ್ಸಿನಲ್ಲಿ ಓಡಾಡಿ ಸಂಬಂಧ ಕೂಡಿಸುವುದು ಅವರ ಕೆಲಸ. ಊರಿಗೆಲ್ಲ ಅವರು ಸಂಬಂಧದ ಕಾಕಾ. ನನ್ನದು ಮಸ್ಕಿ ಬಸ್‌ಸ್ಟ್ಯಾಂಡಿನ ಎದುರಿನ ಸಣ್ಣ ಕಂಪ್ಯೂಟರ್ ಅಂಗಡಿ. ಝೆರಾಕ್ಸ್, ಆನ್‌ಲೈನ್ ಅರ್ಜಿ, ಲಗ್ನಪತ್ರಿಕೆ ಇಷ್ಟೇ ಅಲ್ಲಿನ ವ್ಯವಹಾರ. ತಾವು ಕೂಡಿಸಿದ ಮದುವೆಯ ಪತ್ರಿಕೆ ನನ್ನ ಅಂಗಡಿಯಲ್ಲೇ ಅಚ್ಚಾಗಬೇಕೆಂದು ಕಾಕಾ ಎರಡೂ ಕಡೆಯವರಿಗೆ ತಾಕೀತು ಮಾಡುತ್ತಿದ್ದರು. ಸಂಬಂಧ ಗಟ್ಟಿಯಾದ ಕೂಡಲೇ ನನಗೆ ಫೋನು ಬರುತ್ತಿತ್ತು. ಹಲೋ ಇಲ್ಲ, ಏನವಾ ಇಲ್ಲ. "ಕೂಡಿ ಬಂತು" ಅಂತ ಎರಡೇ ಮಾತು, ಆಮೇಲೆ ಫೋನು ಕಟ್. ನಾನು ಅರಿಶಿನ ಬಣ್ಣದ ಕಾಗದ ತೆಗೆದಿಡುತ್ತಿದ್ದೆ.

ಸಂಬಂಧ ನೋಡುವುದರಲ್ಲಿ ಅವರದು ಬೇರೆಯದೇ ದಾರಿ. ಗುರುಗುಂಟಾದಲ್ಲೊಂದು ಮನೆ ಇತ್ತು. ಹೊಲ, ಕುರಿಹಿಂಡು, ಟ್ರ್ಯಾಕ್ಟರ್ ಎಲ್ಲ ಇದ್ದ ಮನೆ, ಹುಡುಗನಿಗೆ ಯಾವ ಚಟವೂ ಇಲ್ಲ. ಹೆಣ್ಣಿನ ಕಡೆಯವರು ಸಕ್ಕರೆ ಹಂಚುವುದೊಂದೇ ಬಾಕಿ. ಕಾಕಾ ಆ ಮನೆಯಲ್ಲಿ ಚಹಾ ಕುಡಿದವರು ನೆಟ್ಟಗೆ ಹಿಟ್ಟಿನ ಗಿರಣಿಗೆ ಹೋದರು. ಜೋಳ ಬೀಸಿಸಲು ಬಂದ ಹೆಂಗಸರ ಜೊತೆ ಮಳೆಯ ಮಾತು, ಸೊಪ್ಪಿನ ಮಾತು ಆಡಿ, ಮೈತುಂಬ ಹಿಟ್ಟಾಗಿ ಹೊರಬಂದು, ಈ ಸಂಬಂಧ ಬೇಡ ಅಂದುಬಿಟ್ಟರು. ಆ ಮನೆಯ ಹಿರಿಸೊಸೆ ಮದುವೆಯಾದಾಗಿನಿಂದ ತವರಿನ ಹೊಸ್ತಿಲು ಕಂಡಿರಲಿಲ್ಲವಂತೆ.

"ಹೆಣ್ಣು ಕರಕೊಳ್ಳಾಗ ಎಲ್ಲಾರೂ ಬಾಜಾ ಬಾರಿಸ್ತಾರವಾ," ಎಂದು ನನಗೆ ಹೇಳಿದರು. "ಪಂಚಮಿಗೆ ತವರಿಗೆ ಹೆಂಗ ಕಳಸ್ತಾರ, ಅದನ್ನ ನೋಡಬೇಕು."

ಅವರ ಹೆಂಡತಿಯನ್ನು ನಾನು ಚಿಗವ್ವ ಅನ್ನುತ್ತೇನೆ. ಆಕೆ ಅಲ್ಲೇ ಕೂತಿದ್ದಳು. "ಊರ ಮಂದಿದೆಲ್ಲಾ ಗಿರಣ್ಯಾಗ ಕೇಳ್ತಾರ. ನಮ್ಮಪ್ಪ ಒಂದ್ಸಲ ಇವರೂರ ಗಿರಣಿಗೆ ಹೋಗಿದ್ದರ ನಾ ಇವತ್ತು ನಮ್ಮ ಲಿಂಗಸುಗೂರಾಗ ಆರಾಮ ಇರ್ತಿದ್ದೆ," ಅಂದಳು.

"ಆವತ್ತು ಕರೆಂಟ್ ಇರಲಿಲ್ಲವಾ. ಗಿರಣಿ ಬಂದ್ ಇತ್ತು," ಅಂದರು ಕಾಕಾ.

ಇಂಥ ಮನುಷ್ಯನಿಗೆ ಒಂದು ಮುಂಜಾನೆ ಪೆಟ್ಟು ಬಿತ್ತು. ದಢೇಸುಗೂರಿನ ಗಂಡಹೆಂಡತಿ ತಮ್ಮ ಮಗಳನ್ನೂ ಕರೆದುಕೊಂಡು ಅವರ ಮನೆಗೆ ಬಂದು ಅಂಗಳದಲ್ಲೇ ನಿಂತು ಬೈಯತೊಡಗಿದರು. ಯಾರೋ ಫೋನಿನಲ್ಲಿ 'ಮಸ್ಕಿ ಕಾಕಾನ ಆಫೀಸಿನಿಂದ' ಎಂದು ಹೇಳಿ, ಹೆಸರು ಹಚ್ಚಲು ರೊಕ್ಕ ಹಾಕಿಸಿಕೊಂಡು, ಒಂದು ವರನ ಫೋಟೋ ಕಳಿಸಿದ್ದರು. ಹುಡುಗಿ ಆ ಫೋಟೋವನ್ನು ಕಾಕಾನ ಮುಖದ ಮುಂದೆ ಹಿಡಿದಳು. ಅದು ಯಾವುದೋ ಅಂಗಿ ಜಾಹೀರಾತಿನ ಹುಡುಗ. ಅಂಗಿಯ ಬೆಲೆ ಕೂಡ ಮೂಲೆಯಲ್ಲಿ ಹಾಗೇ ಉಳಿದಿತ್ತು.

"ನನಗ ಆಫೀಸ ಇಲ್ಲವಾ," ಅಂದರು ಕಾಕಾ. "ಈ ಅಂಗಿಜೇಬು ಒಂದ ಐತಿ."

ಅವರನ್ನು ಸಮಾಧಾನ ಮಾಡಿ ಊಟ ಹಾಕಿಸಿ ಕಳಿಸಿದರು. ಸಂಜೆ ನನ್ನ ಅಂಗಡಿಗೆ ಬಂದಾಗ ಬಾಯಲ್ಲಿ ಎಲೆಯಡಿಕೆ ಇರಲಿಲ್ಲ. ಅವರ ಬಾಯಿ ಖಾಲಿ ಇದ್ದುದನ್ನು ನಾನು ಅದೇ ಮೊದಲು ಕಂಡದ್ದು.

"ನನ್ನ ಹೆಸರು ನನ್ನ ಹತ್ರ ಇರಬೇಕಂದ್ರ ಏನ್ ಮಾಡಬೇಕವಾ?"

ಒಂದು ವೆಬ್‌ಸೈಟು ಮಾಡೋಣ, ನಿಮ್ಮ ಫೋಟೋ, ಫೋನ್ ನಂಬರು, ನೀವು ನೋಡುತ್ತಿರುವ ಸಂಬಂಧ ಎಲ್ಲ ಅದರಲ್ಲಿರಲಿ, ಇದರಲ್ಲಿ ಇಲ್ಲದ್ದು ನನ್ನದಲ್ಲ ಎಂದು ಊರಿಗೆ ಸಾರಿಬಿಡಿ, ಎಂದೆ. ಅದಕ್ಕೆ ಮೊದಲು ಒಂದು ಹೆಸರು ತೆಗೆದುಕೊಳ್ಳಬೇಕು, ಹೆಸರು ಕೊಡುವ ಕಂಪನಿಗಳಿರುತ್ತವೆ ಅಂದೆ.

"ಹೆಸರಿಡೂದು ಸೋದರತ್ತಿ ಕೆಲಸ. ಅದಕ್ಕೂ ಕಂಪನಿ ಮಾಡ್ಯಾರ?"

"ಇಡಾವ್ರು ನೀವ ಕಾಕಾ. ಅವರು ನಿಮ್ಮ ಹೆಸರ್ಲೆ ಬರಕೊಂತಾರ. ವರ್ಷಾ ವರ್ಷಾ ಬಾಡಿಗಿ ಕಟ್ಟಬೇಕು."

"ಕಟ್ಟದಿದ್ರ?"

"ಬ್ಯಾರೆ ಯಾರರ ತಗೊಂತಾರ."

ಕಾಕಾ ಕೈಯನ್ನು ಜೇಬಿನ ಮೇಲೆ ಒತ್ತಿ ಹಿಡಿದುಕೊಂಡರು. ಆಮೇಲೆ ಹೆಸರಿನ ಚರ್ಚೆ ಶುರುವಾಯಿತು. 'ಕೂಡಿಬಂತು' ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. ತೊಂದರೆ ಬಂದದ್ದು ಇಂಗ್ಲಿಷ್ ಅಕ್ಷರದಲ್ಲಿ. ನಾನು ಒಂದು ಯು ಹಾಕಿ ಬರೆದೆ. ಅವರು ಕನ್ನಡಕ ಏರಿಸಿ ಓದಿ, "ಇದು ಕುಡಿ ಬಂತು ಆತು. ಕುಡುದು ಬಂತು ಅಂತ ಓದ್ತಾರ. ಹೆಣ್ಣಿನ ಅಪ್ಪ ಅಲ್ಲೇ ಬಂದ್ ಮಾಡ್ತಾನ," ಅಂದರು. ಎರಡು ಓ ಹಾಕಿದೆ. ಹಿಂದೆ ಡಾಟ್ ಕಾಮ್ ಹಚ್ಚಿದೆ. ಅದನ್ನು ಎರಡು ಸಲ ಬಾಯಲ್ಲಿ ಅಂದು ನೋಡಿ ತಲೆಯಾಡಿಸಿದರು. "ಮದುವಿ ಮಾತಿನ ಹಿಂದ ಇಷ್ಟು ಲಗೂನ ಕಾಮ ಬ್ಯಾಡವಾ. ಹಿರೇರು ಓದ್ತಾರ." ಹಾಗಾಗಿ ಡಾಟ್ ಇನ್ ಆಯಿತು.

ಈಗ ಕಂಪನಿ ಆರಿಸುವುದು. ಸಿಂಧನೂರಿನಲ್ಲೊಬ್ಬ ಹುಡುಗ ವೆಬ್‌ಸೈಟು ಮಾಡುತ್ತಾನೆ, ಸೈಟು ಮಾಡಿಸಿದರೆ ಹೆಸರು ಪುಕ್ಕಟೆ ಎಂದು ಯಾರೋ ಹೇಳಿದ್ದರು. ಇಬ್ಬರೂ ಬಸ್ಸು ಹತ್ತಿ ಹೋದೆವು. ಗಾಜಿನ ಬಾಗಿಲಿನ ಆಫೀಸು, ಒಳಗೆ ಎಸಿ ಎಷ್ಟು ಜೋರೆಂದರೆ ಕಾಕಾ ಟವೆಲ್ಲನ್ನು ಕಿವಿಗೆ ಸುತ್ತಿಕೊಂಡರು. ಹುಡುಗ ವಳಕಮದಿನ್ನಿಯವನು, ನೋಡಲು ಚೆಂದ, ಮಾತು ಅದಕ್ಕಿಂತ ಚೆಂದ. ಹೆಸರು ಏನಿಡುತ್ತೀರಿ ಎಂದು ಕೇಳಿದ. ಕಾಕಾ ಹೆಮ್ಮೆಯಿಂದ, ಎರಡು ಓ ಸಮೇತ, ಹೇಳಿಬಿಟ್ಟರು.

"ಆ ಹೆಸರು ಯಾರ ಹೆಸರಿನ್ಯಾಗ ಇರ್ತೈತಪಾ?"

"ನಮ್ಮ ಅಕೌಂಟಿನ್ಯಾಗ ಇರ್ತೈತ್ರಿ. ಎಲ್ಲಾ ಗಿರಾಕಿದೂ ಹಂಗ. ನೀವು ಟೆನ್ಶನ್ ತಗೋಬ್ಯಾಡ್ರಿ."

"ನಾಳೆ ನಾ ಬ್ಯಾರೆ ಕಡೆ ಒಯ್ತೀನಿ ಅಂದ್ರ?"

"ಯಾಕ ಒಯ್ತೀರಿ? ಎಲ್ಲಾ ಇಲ್ಲೇ ಐತಲ್ರಿ."

ಕಾಕಾ ಎದ್ದು ನಿಂತರು. ಆಫೀಸು ಚೆಂದ ಐತಿ ಎಂದು ಹೊಗಳಿದರು. ಬಾಗಿಲಿಗೆ ಬಂದು ತಿರುಗಿ, "ಲಗ್ನ ಆಗೇತೇನಪಾ?" ಎಂದು ಕೇಳಿದರು. ಇಲ್ಲವೆಂದ. "ನಿಮ್ಮವ್ವನ ನಂಬರ್ ಕೊಡು," ಅಂದು ಅದನ್ನು ಅಂಗೈ ಮೇಲೆ ಬರೆದುಕೊಂಡರು.

ಹೊರಗೆ ಬಿಸಿಲಿಗೆ ಬಂದ ಮೇಲೆ ಹೇಳಿದರು, "ಎಲ್ಲಾ ಇಲ್ಲೇ ಐತಲ್ಲ ಅಂದ, ಕೇಳಿದ್ಯಾ? ಗುರುಗುಂಟಾದ ಮಾವನೂ ಇದನ್ನ ಅಂದಿದ್ದ. ಸೊಸಿಗೆ ಎಲ್ಲಾ ಇಲ್ಲೇ ಐತಿ, ತವರಿಗ್ಯಾಕ ಹೋಗ್ಬೇಕು ಅಂತ."

ನಡುವೆ ಯಾರೂ ಬೇಡ, ಕಂಪನಿಯಿಂದಲೇ ನೇರ ನಿಮ್ಮ ಹೆಸರಿನಲ್ಲಿ ತೆಗೆದುಕೊಳ್ಳೋಣ ಎಂದೆ. ಒಂದೆರಡು ದಿನದಲ್ಲಿ ಮೂರು ಕಂಪನಿ ಹುಡುಕಿಟ್ಟೆ. ನಾನಾಗಿದ್ದರೆ ಅಗ್ಗದ್ದನ್ನು ನೋಡಿ ಚಹಾ ಆರುವುದರೊಳಗೆ ಕೊಂಡುಬಿಡುತ್ತಿದ್ದೆ. ಕಾಕಾ ಒಪ್ಪಲಿಲ್ಲ. ಮನೆಯವರ ಜೊತೆ ಮಾತಾಡದೆ ಸಂಬಂಧ ಮಾಡುವ ರೂಢಿ ಅವರಿಗಿರಲಿಲ್ಲ.

ಮೊದಲ ಕಂಪನಿಯಲ್ಲಿ ಹಿಂದಿ ಮಾತಾಡುವ ಹುಡುಗ ಸಿಕ್ಕ. ಕಾಕಾನ ಹಿಂದಿ ಎಂದರೆ ನಮ್ಮ ಸಂತೆಯ ಉರ್ದು. ಮೊದಲ ವರ್ಷ ಹೆಚ್ಚೂಕಡಿಮೆ ಪುಕ್ಕಟೆ ಎಂದ ಆ ಹುಡುಗ. "ಪಹಿಲಾ ಸಾಲ್ ಛೋಡೋ ಬೇಟಾ, ದೂಸರಾ ಸಾಲ್ ಬೋಲೋ," ಅಂದರು ಕಾಕಾ. ಈಗ ಆಫರ್ ನಡೆದಿದೆ ಅಂದ. ಇವರು ಮತ್ತೆ ಎರಡನೇ ವರ್ಷ ಕೇಳಿದರು. ಆಫರ್ ಇವತ್ತೇ ಮುಗಿಯುತ್ತದೆ ಅಂದ. ಕಾಕಾ ಫೋನು ಕೆಳಗಿಟ್ಟರು. "ಮೊದಲನೇ ದೀಪಾವಳಿಗೆ ಎಲ್ಲಾರೂ ಅಳಿಯಗ ಉಂಗುರ ಹಾಕ್ತಾರ. ಎರಡನೇ ದೀಪಾವಳಿ ಮಾತು ತಗದ್ರ ಮಾವಗ ಕಿವಿ ಕೇಳಂಗಿಲ್ಲ."

ಎರಡನೆಯದರಲ್ಲಿ ಮನುಷ್ಯರೇ ಸಿಗಲಿಲ್ಲ. ಒಂದು ಒತ್ತಿ, ಎರಡು ಒತ್ತಿ ಎಂದು ಒಬ್ಬ ಹೆಂಗಸಿನ ದನಿ ಹೇಳಿತು, ಆಮೇಲೆ ಪಿಟೀಲು ಬಂತು. ಕಾಕಾ ಹೇಳಿದ್ದನ್ನೆಲ್ಲ ಒತ್ತಿದರು. ಪಿಟೀಲಿಗೆ ತಲೆದೂಗುತ್ತ ಒಂದು ಎಲೆ ಮಡಿಸಿ ಹಾಕಿಕೊಂಡರು. ಅದೇ ದನಿ ಮತ್ತೆ ಬಂದಾಗ, "ಯವ್ವಾ, ಮನ್ಯಾಗ ಯಾರರ ಹಿರೇರಿದ್ರ ಫೋನ್ ಕೊಡು," ಎಂದು ವಿನಯದಿಂದ ಕೇಳಿದರು. ಪಿಟೀಲು ಮುಂದುವರಿಯಿತು. ಝೆರಾಕ್ಸಿಗೆ ಬಂದಿದ್ದ ಗಿರಾಕಿಯೊಬ್ಬ ಕಾದು ಕಾದು ಎದ್ದು ಹೋದ. "ಹಿರೇರಿಲ್ಲದ ಮನಿ," ಅಂದು ಕಾಕಾ ಅದನ್ನೂ ಬಿಟ್ಟರು.

ಮೂರನೆಯದರಲ್ಲಿ ಮೈಸೂರು ಕಡೆಯ ಕನ್ನಡದ ಹುಡುಗಿ ಎತ್ತಿದಳು. ಕಾಕಾ ನೇರ ವಿಷಯಕ್ಕೆ ಬಂದರು.

"ಎರಡನೇ ವರ್ಷ ಬಾಡಿಗಿ ಏರ್ತೈತೇನವಾ?"

"ಹೌದು ಸರ್, ಏರುತ್ತೆ. ಎಷ್ಟು ಅಂತ ನಮ್ಮ ಸೈಟಲ್ಲೇ ಬರೆದಿದೀವಿ."

"ನಿಮ್ಮನ್ನ ಬಿಟ್ಟು ಹೊಕ್ಕೀನಿ ಅಂದ್ರ?"

"ಹೋಗಬಹುದು ಸರ್. ನಿಮ್ಮ ಅಕೌಂಟಲ್ಲೇ ಒಂದು ಕೋಡ್ ಸಿಗುತ್ತೆ, ಅದನ್ನ ಬೇರೆ ಕಂಪನಿಗೆ ಕೊಟ್ರೆ ಆಯ್ತು. ಹೊಸ ಹೆಸರು ತಗೊಂಡ ಮೊದಲ ಎರಡು ತಿಂಗಳು ಮಾತ್ರ ಎಲ್ಲೂ ಒಯ್ಯೋಕಾಗಲ್ಲ. ಅದು ಎಲ್ಲರಿಗೂ ಇರೋ ನಿಯಮ."

"ಮರತು ಬಾಡಿಗಿ ತಪ್ಪಿದ್ರ?"

"ಮುಂಚೆನೇ ಮೆಸೇಜ್ ಕಳಿಸ್ತೀವಿ. ತಪ್ಪಿದ ಮೇಲೂ ಸ್ವಲ್ಪ ದಿನ ಕಾಯ್ತೀವಿ ಸರ್."

ಕಾಕಾ ಫೋನಿನ ಬಾಯಿಗೆ ಅಂಗೈ ಮುಚ್ಚಿ ನನಗೆ ಪಿಸುಗುಟ್ಟಿದರು. "ಇದು ಮನಿತನ." ಆಮೇಲೆ ಕೈ ತೆಗೆದು, "ನಿಂದು ಲಗ್ನ ಆಗೇತೇನವಾ?" ಎಂದರು.

"ಸರ್, ಈ ಕಾಲ್ ರೆಕಾರ್ಡ್ ಆಗ್ತಿರುತ್ತೆ."

"ಆಗ್ಲಿ ಬಿಡವಾ. ನಾನೇನು ಕದ್ದು ಕೇಳಾಕತ್ತಿಲ್ಲ."

ಆ ಹುಡುಗಿ ನಕ್ಕು, ಆಗಿದೆ ಎಂದಳು. ಕಾಕಾನಿಗೆ ನಿಜಕ್ಕೂ ಬೇಸರವಾಯಿತು. "ಒಳ್ಳೇವೆಲ್ಲಾ ಮೊದಲ ಹೋಗಿಬಿಡ್ತಾವ," ಅನ್ನುತ್ತ ಹೆಸರು ಕೊಳ್ಳಲು ನನಗೆ ಕೈಸನ್ನೆ ಮಾಡಿದರು.

ನಾನು ಎರಡು ಓ ಹಾಕಿ ಹೆಸರು ಒತ್ತಿದೆ. ಅದೂ ಹೋಗಿತ್ತು.

ಅಕ್ಷರ ತಪ್ಪಿರಬಹುದೆಂದು ಇನ್ನೊಮ್ಮೆ ಒತ್ತಿದೆ. ಯಾರೋ ಕೊಂಡಿದ್ದಾರೆ ಎಂದೇ ಬಂತು. ಆ ವಿಳಾಸ ತೆರೆದು ನೋಡಿದರೆ ಖಾಲಿ ಪುಟ, ನಡುವೆ 'ಶೀಘ್ರದಲ್ಲೇ' ಎಂಬ ಒಂದು ಪದ, ಕೆಳಗೆ ಸಿಂಧನೂರಿನ ಆ ಗಾಜಿನ ಆಫೀಸಿನ ಗುರುತು. ನನಗೆ ಮೈಯೆಲ್ಲ ಉರಿಯಿತು. ನಾವು ಬಸ್ಸಿನಲ್ಲಿ ವಾಪಸು ಬರುವಷ್ಟರಲ್ಲಿ ಅವನು ಹೆಸರು ಹಿಡಿದಿಟ್ಟುಕೊಂಡಿದ್ದ. ಕಂಪ್ಲೇಂಟ್ ಕೊಡೋಣ, ಪೊಲೀಸರಿಗೆ ಹೇಳೋಣ ಎಂದು ನಾನು ಕೂಗಾಡಿದೆ. ಕಾಕಾ ಪರದೆಯನ್ನೇ ನೋಡುತ್ತಿದ್ದರು.

"ತಪ್ಪು ನಂದೂ ಐತಿ. ಸಂಬಂಧ ಗಟ್ಟಿ ಆಗೂತನ ಹೆಣ್ಣಿನ ಊರು ಯಾರಿಗೂ ಹೇಳಬಾರ್ದು. ಹೇಳಿಬಿಟ್ಟೆ." ಆಮೇಲೆ ಅಂಗೈ ಬಿಚ್ಚಿ ನೋಡಿಕೊಂಡರು. ಬರೆದದ್ದು ಅಳಿಸಿಹೋಗಿತ್ತು, ಆದರೆ ನಂಬರು ಅವರ ಫೋನಿನೊಳಗೆ ಸೇರಿಯಾಗಿತ್ತು. "ನಿನ್ನೆ ಅವ್ನ ಅವ್ವನ ಜೊತಿ ಮಾತಾಡೀನಿ. ಮಗನಿಗೆ ಒಂದು ಹೆಣ್ಣು ನೋಡ್ರಿ ಅಂದಾಳ. ನಡಿ, ವರಾ ನೋಡಿ ಬರೂಣು."

ವಳಕಮದಿನ್ನಿಯಲ್ಲಿ ಅವರ ಮನೆ ಕಾಲುವೆಗೆ ಹತ್ತಿರ. ಸುತ್ತ ಭತ್ತದ ಗದ್ದೆ. ತಾಯಿ ಮಂಡಕ್ಕಿಯ ಸುಸಲಾ ಮಾಡಿ, ಮಿರ್ಚಿ ಬಜ್ಜಿ ಕರಿದು ಕಾದಿದ್ದಳು. ಹುಡುಗ ಹೊಸ ಅಂಗಿ ಹಾಕಿಕೊಂಡು ಪಡಸಾಲೆಗೆ ಬಂದವನು ನಮ್ಮಿಬ್ಬರನ್ನು ಕಂಡು ಬಾಗಿಲಲ್ಲೇ ನಿಂತ. ಸಂಬಂಧದವರು ಬರುತ್ತಾರೆಂದು ತಾಯಿ ಹೇಳಿದ್ದಳೇ ಹೊರತು ಯಾರು ಬರುತ್ತಾರೆಂದು ಹೇಳಿರಲಿಲ್ಲ.

ಕಾಕಾ ಆರಾಮಾಗಿ ಒಂದು ಮಿರ್ಚಿ ಮುಗಿಸಿದರು. "ಯವ್ವಾ, ಹೆಣ್ಣಿನ ಕಡೆಯವ್ರು ನನ್ನ ಒಂದ ಮಾತು ಕೇಳ್ತಾರ. ಹುಡುಗ ಹೆಂಗ ಅಂತ. ನಾ ಸುಳ್ಳು ಹೇಳಾಂವಲ್ಲ. ಅದಕ್ಕ ಅವ್ನನ್ನ ಕೇಳಿ ಹೋಗೂಣು ಅಂತ ಬಂದೀನಿ. ಏನಂತ ಹೇಳ್ಲೆಪಾ?"

"ಕೇಳೂದೇನೈತ್ರಿ ಅದ್ರಾಗ," ಅಂದಳು ತಾಯಿ. "ನಮ್ಮ ಹುಡುಗ ಇನ್ನೊಬ್ರ ಹುಲ್ಲುಕಡ್ಡಿ ಮುಟ್ಟಿದಾಂವಲ್ಲ."

"ಹುಲ್ಲುಕಡ್ಡಿ ಮುಟ್ಟಿಲ್ಲವಾ, ಅದು ಖರೆ," ಅಂದರು ಕಾಕಾ, ಇನ್ನೊಂದು ಮಿರ್ಚಿ ಎತ್ತಿಕೊಳ್ಳುತ್ತ.

ಹುಡುಗನ ಕಿವಿ ಕೆಂಪಾಯಿತು. ಕಾಲುವೆ ತೋರಿಸುತ್ತೇನೆ ಬನ್ನಿ ಎಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋದ. ಬದುವಿನ ಮೇಲೆ ನಿಂತು, ಕಾಕಾನ ಮುಖ ನೋಡದೆ ಹೇಳಿದ. "ತಪ್ಪಾತ್ರಿ ಕಾಕಾ. ನಾ ಹಿಡಿದಿಟ್ರ ನೀವು ನನ್ನ ಕಡೆನ ಬರ್ತೀರಿ ಅನ್ಕೊಂಡೆ. ವಾಪಸ್ ಕೊಡ್ತೀನಿ. ಖರೇನ ಹೇಳ್ತೀನಿ, ಎರಡು ತಿಂಗಳು ಒಯ್ಯಾಕ ಬರಂಗಿಲ್ಲ. ಕಂಪನಿ ಕಾಯಿದೆ ಐತಿ."

ಕಾಕಾ ನನ್ನ ಕಡೆ ನೋಡಿದರು. ಹೌದು, ಆ ಹುಡುಗಿಯೂ ಹೇಳಿದ್ದಳಲ್ಲ ಎಂದು ನೆನಪಿಸಿದೆ.

"ಇರ್ಲಿ," ಅಂದರು. "ಎರಡು ತಿಂಗಳು ನಾನೂ ನಿನ್ನ ನೋಡಿದಂಗಾತು."

ನೋಡುವುದೆಂದರೆ ಸುಮ್ಮನೆ ನೋಡುವುದಲ್ಲ. ಸಿಂಧನೂರಿಗೆ ಹೋದಾಗಲೆಲ್ಲ ಕಾಕಾ ಆ ಗಾಜಿನ ಆಫೀಸಿಗೆ ಹೋಗಿ, ಟವೆಲ್ಲು ಕಿವಿಗೆ ಸುತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಹುಡುಗ ಚಹಾ ತರಿಸುತ್ತಿದ್ದ. ಬೀಜದ ಅಂಗಡಿಯವರು, ಅಕ್ಕಿ ಗಿರಣಿಯವರು ಕೆಲಸಕ್ಕೆ ಬಂದು ಪಕ್ಕದಲ್ಲಿ ಕೂತರೆ ಕಾಕಾ ಮೊದಲು ಮಕ್ಕಳ ಮದುವೆ ವಿಚಾರಿಸುತ್ತಿದ್ದರು. ಆಮೇಲೆ ಮೆಲ್ಲಗೆ, "ನಿಮ್ಮ ಹೆಸರು ನಿಮ್ಮ ಹತ್ರ ಐತೇನ್ರಿ, ಈ ಹುಡುಗನ ಹತ್ರ ಐತೇನು?" ಎಂದು ಕೇಳುತ್ತಿದ್ದರು. ಅಲ್ಲಿಯವರೆಗೆ ಆ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಹೊಳೆದ ಮೇಲೆ ಎಲ್ಲರೂ ಕೇಳತೊಡಗಿದರು. ಕೊನೆಗೆ ಹುಡುಗ ಬೇಸತ್ತು, ಇಡೀ ವಾರ ಕೂತು, ಎಲ್ಲ ಗಿರಾಕಿಗಳ ಹೆಸರನ್ನೂ ಅವರವರ ಅಕೌಂಟಿಗೆ ಹಾಕಿಕೊಟ್ಟ. "ಕಾಕಾ ಇನ್ನೊಂದು ತಿಂಗಳು ಬಂದ್ರ ನನ್ನ ಕುರ್ಚಿನೂ ಗಿರಾಕಿಗೆ ಹೋಗ್ತೈತಿ," ಎಂದು ನನ್ನ ಮುಂದೆ ಅಲವತ್ತುಕೊಂಡ. ಆದರೆ ಆ ಕೆಲಸ ಮಾಡಿದ ಮೇಲೆ ಅವನಿಗೆ ಗಿರಾಕಿ ಹೆಚ್ಚೇ ಆದರು.

ಎರಡು ತಿಂಗಳು ತುಂಬಿದ ದಿನ ಅವನೇ ಮಸ್ಕಿಗೆ ಬಂದು ಕೋಡು ಕೊಟ್ಟ. ನಾವು ಹೆಸರನ್ನು ಮೈಸೂರು ಕನ್ನಡದ ಹುಡುಗಿಯ ಕಂಪನಿಗೆ ತಂದೆವು. ಮಾಲೀಕರ ಹೆಸರು ಏನು ಬರೆಯಲಿ ಎಂದಾಗ ಕಾಕಾ ಚಿಗವ್ವನ ಹೆಸರು ಹೇಳಿದರು, ಫೋನ್ ನಂಬರೂ ಆಕೆಯದೇ. "ನಾ ಬಸ್ಸಿನ್ಯಾಗ ಇರಾಂವ. ಮನ್ಯಾಗ ಇರಾಕಿ ಹತ್ರ ಇರ್ಲಿ." ನಾನೇ ಮಾಡಿದ ಸೈಟು ಊರಿಗೆಲ್ಲ ಗೊತ್ತಾದಂತೆ, ಕಾಕಾನ ಆಫೀಸಿನಿಂದ ಎಂದು ಬರುತ್ತಿದ್ದ ಫೋನುಗಳು ತಾವಾಗಿ ನಿಂತವು. ಫೋನಿನವರು ಹೇಳಿದ ವರನನ್ನು ಜನ ಅದರಲ್ಲಿ ಹುಡುಕಿ ನೋಡಿ, ಇಲ್ಲದಿದ್ದರೆ ಅಲ್ಲೇ ಬೈದು ಫೋನು ಇಡುತ್ತಿದ್ದರು.

ಆ ಹುಡುಗನಿಗೆ ಕಾಕಾ ನೋಡಿದ ಹೆಣ್ಣು ದಢೇಸುಗೂರಿನವಳು, ಅಂಗಿ ಜಾಹೀರಾತಿನ ಫೋಟೋ ಹಿಡಿದು ಬಂದಿದ್ದವಳೇ. ಒಮ್ಮೆ ಮೋಸ ಹೋದ ಮನೆಗೆ ಇಂಥವನನ್ನು ಒಯ್ಯುತ್ತಾರಲ್ಲ ಎಂದು ನನಗೆ ಭಯ. ಕಾಕಾ ಅವರ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಹೇಳಿದರು, ಒಂದನ್ನೂ ಮುಚ್ಚಲಿಲ್ಲ. "ಒಂದ್ಸಲ ಕೈ ಜಾರಿತ್ತು. ತಾನ ತಿದ್ದಿಕೊಂಡಾನ. ಎರಡು ತಿಂಗಳು ಎದುರಿಗೆ ಕುಂತು ನೋಡೀನಿ. ಬ್ಯಾರೆ ಯಾವ ವರನ್ನೂ ನಾ ಇಷ್ಟು ನೋಡಿಲ್ಲ."

ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗಿನಿಂದ ಹುಡುಗಿ ಕೇಳಿದಳು. "ಈಗ ಆ ಹೆಸರು ಯಾರ ಹತ್ರ ಐತ್ರಿ?"

"ನಮ್ಮ ಮನಿಯಾಕಿ ಹತ್ರ."

"ಹಂಗಾದ್ರ ಬರ್ಲಿ. ನೋಡೂಣು."

ವಾರದಲ್ಲಿ ನನಗೆ ಫೋನು ಬಂತು, ಎರಡು ಮಾತಿನದು.

ಇನ್ನು ನನ್ನ ಋಣದ ಮಾತು. ಸೈಟು ಶುರುವಾದ ದಿನಗಳಲ್ಲಿ ನಮ್ಮಪ್ಪ ಅಂಗಡಿಗೆ ಬಂದು, ಎಲ್ಲರಿಗಿಂತ ಮೊದಲು ನನ್ನ ಮಗಳ ಫೋಟೋ ಹಾಕು ಎಂದು ಕಾಕಾನ ಮುಂದೆ ಇಟ್ಟ. ನನಗೆ ಮೂವತ್ತು ದಾಟಿತ್ತು. ಬಂದ ಸಂಬಂಧಗಳೆಲ್ಲ ಅಂಗಡಿ ಬಿಡಬೇಕು ಎಂಬ ಮಾತಿನಿಂದಲೇ ಶುರುವಾಗುತ್ತಿದ್ದವು. ಕಾಕಾ ಫೋಟೋ ನೋಡಿ, ನನ್ನನ್ನು ನೋಡಿ, "ಸೈಟ್ ಮಾಡಾಕಿನ ತನ್ನ ಫೋಟೋ ತಾನ ಹಾಕ್ಕೊಂಡಾಳ ಅಂತಾರಣ್ಣಾ. ಇದು ಕೈಲೆ ಹುಡುಕೂ ಸಂಬಂಧ. ನನಗ ಬಿಡು," ಅಂದರು. ಅಪ್ಪ ಹೋದ ಮೇಲೆ ಕೇಳಿದರು.

"ನಿನಗ ಬೇಕಾಗೇತೇನು?"

"ಈಗ ಬ್ಯಾಡ ಕಾಕಾ."

"ಆತು."

ಇಷ್ಟೇ ಮಾತು. ಯಾಕೆ, ಎಲ್ಲಿಯವರೆಗೆ, ಮುಂದೇನು ಎಂದು ಯಾವುದನ್ನೂ ಕೇಳಲಿಲ್ಲ. ಅಪ್ಪ ವಿಚಾರಿಸಿದಾಗಲೆಲ್ಲ ಹುಡುಕಾಕತ್ತೀನಿ ಅನ್ನುತ್ತಿದ್ದರು, ಒಮ್ಮೊಮ್ಮೆ ನನ್ನ ಸಲುವಾಗಿ ಎಂದು ಹೇಳಿ ಲಿಂಗಸುಗೂರಿಗೂ ಹೋಗಿ ಬರುತ್ತಿದ್ದರು. ಇಷ್ಟು ಮದುವೆ ಮಾಡಿಸಿದ ಮನುಷ್ಯನಿಗೆ ತಾನು ದಿನಾ ಕೂರುವ ಅಂಗಡಿಯ ಹುಡುಗಿಗೊಂದು ವರ ಸಿಗಲಿಲ್ಲ ಎಂದು ಮಸ್ಕಿಯಲ್ಲಿ ಈಗಲೂ ಮಾತಾಡುತ್ತಾರೆ. ತಮ್ಮ ಕಸುಬಿನ ಹೆಸರಿಗೆ ಆ ಒಂದು ಕಳಂಕವನ್ನು ಅವರು ನನಗಾಗಿ ಹೊತ್ತರು.

ಹೋದ ವರ್ಷ ಲಿಂಗಸುಗೂರಿನಿಂದ ಬರುವ ಬಸ್ಸಿನಲ್ಲಿ, ಕಿಟಕಿಗೆ ತಲೆಯಿಟ್ಟು ಮಲಗಿದ ಕಾಕಾ ಮಸ್ಕಿ ಬಂದಾಗ ಏಳಲಿಲ್ಲ. ಮಣ್ಣಿಗೆ ಅವರು ಕೂಡಿಸಿದ ಜನ ಜೋಡಿ ಜೋಡಿಯಾಗಿ ಬಂದರು. ಜಗಳಾಡಿ ಬೇರೆ ಬೇರೆ ಇದ್ದವರೂ ಅವತ್ತು ಒಂದೇ ಬೈಕಿನಲ್ಲಿ ಬಂದಿದ್ದರು. ವಳಕಮದಿನ್ನಿಯ ಹುಡುಗ ಹೆಂಡತಿಯ ಜೊತೆ ಬಂದು, ದಿನವಿಡೀ ಚಿಗವ್ವನ ಅಂಗಳದಲ್ಲಿ ಕುರ್ಚಿ ಹಾಕುತ್ತ, ನೀರು ಕೊಡುತ್ತ ಓಡಾಡಿದ.

ಕೆಲವು ತಿಂಗಳ ಮೇಲೆ ಚಿಗವ್ವ ಫೋನು ಹಿಡಿದು ಅಂಗಡಿಗೆ ಬಂದಳು. "ಹೆಸರು ಇಟ್ಕೊಂತೀರೇನು ಬಿಡ್ತೀರೇನು ಅಂತ ಕಂಪನಿಯವ್ರು ಕೇಳಾಕತ್ತಾರವಾ."

"ಏನ್ ಮಾಡೂಣು ಚಿಗವ್ವಾ?"

"ಇಟ್ಕೊಳ್ಳೂಣು. ಅವ್ರ ಜೇಬಿನ್ಯಾಗಿದ್ದ ಮೂರು ತಾಲೂಕಿನ ಮಂದಿ ಈಗ ನನ್ನ ಟ್ರಂಕಿನ್ಯಾಗ ಕುಂತಾರ. ಅವ್ರನ್ನೆಲ್ಲಾ ಯಾರ ಕೈಯಾಗ ಕೊಡ್ಲಿ?"

ಅಷ್ಟರಲ್ಲಿ ನಮ್ಮಪ್ಪ ಬಂದ. ಚಿಗವ್ವನನ್ನು ಕಂಡು ಅಳುಕುತ್ತಲೇ, ಕಾಕಾ ನನ್ನ ಸಂಬಂಧದ ಬಗ್ಗೆ ಏನಾದರೂ ಹೇಳಿದ್ದರೇ ಎಂದು ಕೇಳಿದ.

"ಹೇಳ್ಯಾರಣ್ಣಾ," ಅಂದಳು ಚಿಗವ್ವ. "ಎಲ್ಲೀತನ ಹುಡುಕ್ಯಾರ ಅಂತ ಹೇಳಿ ಹೋಗ್ಯಾರ. ಅಲ್ಲಿಂದ ಮುಂದ ನಾ ಹುಡುಕಾಕತ್ತೀನಿ. ನೀ ಚಿಂತಿ ಬಿಡು."

ಅಪ್ಪ ಸಮಾಧಾನದಿಂದ ಹೊರಗೆ ಹೋದ. ಚಿಗವ್ವ ನನ್ನ ಮುಖ ನೋಡಲಿಲ್ಲ, ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಕೇಳಿದಳು.

"ಬಾಡಿಗಿ ಒಂದ ವರ್ಷಕ್ಕ ಕಟ್ಟಬೇಕೇನು, ಜಾಸ್ತಿ ವರ್ಷಕ್ಕೂ ಕಟ್ಟಾಕ ಬರ್ತೈತೇನು?"

"ಹತ್ತು ವರ್ಷಕ್ಕೂ ಬರ್ತೈತಿ."

"ಹಂಗಾದ್ರ ಹತ್ತು ವರ್ಷಕ್ಕ ಕಟ್ಟು," ಅಂದಳು. "ನಿನ್ನ ಸಂಬಂಧ ಹುಡುಕಾಕ ಟೈಮ್ ಬೇಕಾಗ್ತೈತಿ."